ಅರಳುಮರಳಿನ ಒಳಗುಟ್ಟು

‘ಅರವತ್ತಕ್ಕೆ ಅರಳುಮರಳು’ ಎಂಬುದು ಗಾದೆ. ಪುತ್ತೂರು, ಸುಳ್ಯ, ಕಡಬಗಳ ಮನೆಗಳಲ್ಲಿ ಹಿರಿಯರು ಮಕ್ಕಳ ಹೆಸರನ್ನೇ ಮರೆತರೂ ‘ಪ್ರಾಯವಾಯಿತಲ್ಲ’ ಎಂದು ಸುಮ್ಮನಾಗುವವರನ್ನು ನಾನು ಕಂಡಿದ್ದೇನೆ.

ಇಂಥ ಮರೆವು ಬರಿಯ ಮುಪ್ಪಲ್ಲ, ರೋಗವೂ ಆಗಿರಬಹುದೆಂಬ ಅರಿವಿಗೆ ಒಂದು ಚರಿತ್ರೆಯಿದೆ. 1906ರಲ್ಲಿ ಜರ್ಮನಿಯ ವೈದ್ಯರಾದ ಅಲ್ಜೈಮರ್ ಅವರು, 55ನೆಯ ವಯಸ್ಸಿಗೇ ತೀರಿಕೊಂಡ ಹೆಂಗಸೊಬ್ಬಳ ಮೆದುಳಿನಲ್ಲಿ ನರಕೋಶಗಳೊಳಗೆ ಸಿಕ್ಕುಗಂಟುಗಳನ್ನೂ ಹೊರಗೆ ಗಷ್ಟಿನಂಥ ಕಲೆಗಳನ್ನೂ ಕಂಡರು. ಆಕೆಗೆ ಅರವತ್ತು ತುಂಬಿರಲಿಲ್ಲವಷ್ಟೆ!

1984ರಲ್ಲಿ ಅಮೆರಿಕದ ಗ್ಲೆನ್ನರ್ ಮತ್ತು ವಾಂಗ್ ಎಂಬವರು ರೋಗಿಗಳ ಮೆದುಳಿನ ರಕ್ತನಾಳಗಳಿಂದ ಬೀಟಾ ಅಮಿಲಾಯ್ಡ್ ಎಂಬ ಪ್ರೋಟೀನಿನ ತುಣುಕನ್ನು ಬೇರ್ಪಡಿಸಿದರು. ಮರುವರ್ಷ ಗಷ್ಟಿನಲ್ಲಿಯೂ ಅದೇ ಕಂಡಿತು.

ಇದು ಹುಟ್ಟುವ ಬಗೆಗೆ ನಮ್ಮ ಅಡಕೆ ಸೀಮೆಯವರಿಗೆ ಅಡಕತ್ತರಿಯ ಹೋಲಿಕೆ ಸಾಕು. ದೊಡ್ಡ ಪ್ರೋಟೀನೊಂದನ್ನು ಒಂದು ಕಿಣ್ವ ಈ ತುಣುಕಿನ ನಡುವೆಯೇ ಕತ್ತರಿಸಿದರೆ ಕೇಡಿಲ್ಲ. ಬೇರೆ ಎರಡು ಕಿಣ್ವಗಳು ತುಣುಕಿನ ಎರಡೂ ತುದಿಗಳಲ್ಲಿ ಕತ್ತರಿಸಿದರೆ ಅದು ಇಡಿಯಾಗಿ ಹೊರಬೀಳುತ್ತದೆ. ಅಂಥವು ಒಂದಕ್ಕೊಂದು ಅಂಟಿ ಗಷ್ಟಾಗುತ್ತವೆ. ರೋಗಕ್ಕೆ ಇದೊಂದೇ ಕಾರಣವಲ್ಲ. ಆದರೂ 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಒಪ್ಪಿಗೆ ಪಡೆದ ಲೆಕಾನೆಮ್ಯಾಬ್ ಎಂಬ ಮದ್ದು ಈ ಗಷ್ಟನ್ನು ಕರಗಿಸಿ ರೋಗದ ನಡೆಯನ್ನು ತುಸು ನಿಧಾನಗೊಳಿಸುತ್ತದೆ. ಹೋದ ನೆನಪನ್ನು ಮರಳಿಸದು.

ವೇದ ಸುಳ್ಳಾದರೂ ಗಾದೆ ಸುಳ್ಳಾಗದೆನ್ನುವರು. ಈ ಗಾದೆಯನ್ನು ಮಾತ್ರ ನಂಬಿ ಕೂರುವುದು ಬೇಡ. ಮರೆತ ಹಿರಿಯರನ್ನು ಗದರದೆ, ನಗದೆ, ಬೇಗನೆ ವೈದ್ಯರಲ್ಲಿಗೆ ಕರೆದೊಯ್ಯೋಣ.