2012ರ ಗುವಾಹಟಿ ರೈಲುಗಳು: ವದಂತಿ ಹಬ್ಬಿದಾಗ ‘ನಮ್ಮವರು’ ಅಂದ್ರೆ ಯಾರು?

ಇವತ್ತಿನ ಎಪಿಸೋಡ್ ನಮ್ಮ ಊರಿನದೇ ಕಥೆ. ತುಂಬ ಹಳೆಯದೇನಲ್ಲ, ಆದರೂ ನಾವು ಬೇಗ ಮರೆತುಬಿಟ್ಟ ಕಥೆ.

2012ರ ಆಗಸ್ಟ್ 15. ಸ್ವಾತಂತ್ರ್ಯ ದಿನದ ರಜೆ. ಸಂಜೆ ಹೊತ್ತಿಗೆ ಮೆಜೆಸ್ಟಿಕ್ ಪಕ್ಕದ ಸಿಟಿ ರೈಲ್ವೆ ಸ್ಟೇಷನ್ನಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ. ಬಂದವರಲ್ಲಿ ಹೆಚ್ಚಿನವರು ಅಸ್ಸಾಂ ಮತ್ತು ಈಶಾನ್ಯದ ಬೇರೆ ರಾಜ್ಯಗಳ ಹುಡುಗ ಹುಡುಗಿಯರು. ಸೆಕ್ಯುರಿಟಿ ಗಾರ್ಡ್‌ಗಳು, ಹೋಟೆಲ್ ಕೆಲಸದವರು, ಬ್ಯೂಟಿ ಪಾರ್ಲರ್‌ನಲ್ಲಿ ದುಡಿಯೋರು, ಕಾಲೇಜು ವಿದ್ಯಾರ್ಥಿಗಳು. ಎಲ್ಲರಿಗೂ ಒಂದೇ ಕಡೆ ಹೋಗಬೇಕಿತ್ತು, ಗುವಾಹಟಿ. ಆ ರಾತ್ರಿ ರೈಲ್ವೆಯವರು ಎರಡು ವಿಶೇಷ ರೈಲು ಬಿಡಬೇಕಾಯಿತು. ಮೊದಲ ದಿನವೇ ಹೊರಟವರು ಸುಮಾರು 6,800 ಜನ. ಕೆಲವೇ ದಿನಗಳಲ್ಲಿ ಬೆಂಗಳೂರು ಬಿಟ್ಟವರು ಅಂದಾಜು 30,000.

ಅವತ್ತು ಬೆಂಗಳೂರಿನಲ್ಲಿ ದೊಡ್ಡ ಗಲಭೆ ಏನೂ ಆಗಿರಲಿಲ್ಲ. ಕರ್ಫ್ಯೂ ಇರಲಿಲ್ಲ. ಬಸ್ಸು ಓಡ್ತಾ ಇತ್ತು, ಅಂಗಡಿ ತೆಗೆದಿತ್ತು. ಹಾಗಾದ್ರೆ ಇಷ್ಟು ಜನ ಯಾಕೆ ಓಡಿದರು?

ಸಾಮಾನ್ಯವಾಗಿ ಸಿಗೋ ಉತ್ತರ: “ಎಸ್ಸೆಮ್ಮೆಸ್ ಬಂತು, ನಂಬಿಬಿಟ್ರು, ಗಾಬರಿ ಬಿದ್ದು ಓಡಿದ್ರು.” ಈ ಉತ್ತರದಲ್ಲಿ ಅರ್ಧ ಕಥೆ ಮಾತ್ರ ಇದೆ. ಉಳಿದರ್ಧ ಹುಡುಕೋಕೆ ಸ್ವಲ್ಪ ಹಿಂದಕ್ಕೆ ಹೋಗೋಣ.

ಅದೇ ವರ್ಷ ಜುಲೈನಲ್ಲಿ ಅಸ್ಸಾಂನ ಕೊಕ್ರಝಾರ್, ಚಿರಾಂಗ್, ಧುಬ್ರಿ ಜಿಲ್ಲೆಗಳಲ್ಲಿ ಬೋಡೋಗಳು ಮತ್ತು ಬಂಗಾಳಿ ಮಾತಾಡುವ ಮುಸ್ಲಿಮರ ನಡುವೆ ಹಿಂಸೆ ಭುಗಿಲೆದ್ದಿತು. 70ಕ್ಕೂ ಹೆಚ್ಚು ಜನ ಸತ್ತರು, ಲಕ್ಷಾಂತರ ಜನ ಪರಿಹಾರ ಶಿಬಿರ ಸೇರಿದರು. ಆಗಸ್ಟ್ 11ರಂದು ಅದೇ ವಿಷಯಕ್ಕೆ ಮುಂಬೈನ ಆಜಾದ್ ಮೈದಾನದಲ್ಲಿ ನಡೆದ ಪ್ರತಿಭಟನೆ ಹಿಂಸೆಗೆ ತಿರುಗಿತು, ಇಬ್ಬರು ಸತ್ತರು. ಪುಣೆಯಲ್ಲಿ ಈಶಾನ್ಯದವರ ಮೇಲೆ ಹಲ್ಲೆ ಆದ ಸುದ್ದಿಯೂ ಬಂತು. ಆಮೇಲೆ ಬೆಂಗಳೂರಿನ ಮೊಬೈಲ್‌ಗಳಲ್ಲಿ ಮೆಸೇಜು ಓಡಾಡೋಕೆ ಶುರುವಾಯಿತು: ರಂಜಾನ್ ಮುಗಿದ ಮೇಲೆ ಈಶಾನ್ಯದವರ ಮೇಲೆ ದಾಳಿ ಆಗುತ್ತೆ, ಆಗಸ್ಟ್ 20ರ ಒಳಗೆ ಊರು ಬಿಡಿ. ನೀಲಸಂದ್ರ, ಈಜಿಪುರ, ಬಿಟಿಎಂ ಲೇಔಟ್ ಕಡೆ ಬಾಡಿಗೆ ರೂಮುಗಳಲ್ಲಿ ಇದ್ದವರಿಗೆ ಒಂದು ಕಡೆ ಈ ಮೆಸೇಜು, ಇನ್ನೊಂದು ಕಡೆ ಟಿವಿ ನೋಡಿ ಹೆದರಿದ ಅಪ್ಪ ಅಮ್ಮನ ಫೋನು: “ಮೊದಲು ಮನೆಗೆ ಬಾ.”

ನಾನು ಕಾಮರ್ಸ್ ಓದಿದವನು. ಕ್ಲಾಸಲ್ಲಿ ‘ಬ್ಯಾಂಕ್ ರನ್’ ಅಂತ ಒಂದು ಪಾಠ ಇತ್ತು. ಬ್ಯಾಂಕ್ ಮುಳುಗುತ್ತೆ ಅಂತ ಗಾಳಿಸುದ್ದಿ ಹಬ್ಬುತ್ತೆ. ನಿಮಗೆ ಅದರಲ್ಲಿ ನಂಬಿಕೆ ಇಲ್ಲ. ಆದರೆ ಪಕ್ಕದ ಮನೆಯವರು ದುಡ್ಡು ತೆಗೆಯೋಕೆ ಕ್ಯೂ ನಿಂತಿದ್ದಾರೆ. ಸುದ್ದಿ ಸುಳ್ಳಾದರೂ ಎಲ್ಲರೂ ದುಡ್ಡು ತೆಗೆದರೆ ಬ್ಯಾಂಕ್ ಮುಳುಗೋದು ನಿಜವಾಗಬಹುದು. ಹಾಗಾಗಿ ನೀವೂ ಹೋಗಿ ಕ್ಯೂ ನಿಲ್ತೀರಿ. ಇದನ್ನ ಹುಚ್ಚು ಅನ್ನೋಕಾಗಲ್ಲ, ಇದು ಲೆಕ್ಕಾಚಾರ.

ಈಗ ಬಿಟಿಎಂನಲ್ಲಿ ಒಂದೇ ರೂಮಿನಲ್ಲಿ ಐದು ಜನರ ಜೊತೆ ಇರೋ ಒಬ್ಬ ಸೆಕ್ಯುರಿಟಿ ಗಾರ್ಡ್‌ನ ಜಾಗದಲ್ಲಿ ನಿಂತು ನೋಡಿ. ಮೆಸೇಜು ಸುಳ್ಳಾಗಿದ್ದು ಊರಿಗೆ ಹೋದರೆ ನಷ್ಟ ಎಷ್ಟು? ರೈಲು ಚಾರ್ಜು, ಒಂದಷ್ಟು ದಿನದ ಸಂಬಳ, ಕೆಟ್ಟರೆ ಕೆಲಸ. ಮೆಸೇಜು ನಿಜವಾಗಿದ್ದು ಇಲ್ಲೇ ಉಳಿದರೆ? ಜೀವ. ಅಷ್ಟರಲ್ಲಿ ರೂಮಿನ ಮೂರು ಜನ ಬ್ಯಾಗ್ ಕಟ್ಟಿದ್ದಾರೆ. ಉಳಿದ ಇಬ್ಬರು ಒಂಟಿ. ನೀವಾದರೆ ಏನು ಮಾಡ್ತೀರಿ?

ಆದರೆ ಲೆಕ್ಕ ಇಲ್ಲಿಗೆ ಮುಗಿಯಲ್ಲ. ದಿನಾ ಎಷ್ಟೋ ಸುಳ್ಳು ಮೆಸೇಜು ಬರುತ್ತೆ, ನಾವು ಓಡಲ್ಲ. ಇದೇ ಮೆಸೇಜು ಯಾಕೆ ನಾಟಿತು?

ಇದಕ್ಕೆ ಬಿಹಾರದಿಂದ ಒಂದು ಹಳೇ ಸುಳಿವು ಸಿಗುತ್ತೆ. 1934ರ ಜನವರಿ 15ರಂದು ಬಿಹಾರದಲ್ಲಿ ಭಾರಿ ಭೂಕಂಪ ಆಯಿತು. ಜಮುನಾ ಪ್ರಸಾದ್ ಅನ್ನೋ ಮನಶ್ಶಾಸ್ತ್ರಜ್ಞರು ಆಮೇಲೆ ಹಬ್ಬಿದ ವದಂತಿಗಳನ್ನ ಕೂಡಿಸಿ ಅಧ್ಯಯನ ಮಾಡಿದರು. ನೆಲ ನಡುಗಿದ್ದರೂ ಮನೆ ಬೀಳದ, ಯಾರೂ ಸಾಯದ ಊರುಗಳಲ್ಲೂ ಭಯಂಕರ ವದಂತಿಗಳಿದ್ದವು. ಇನ್ನೂ ದೊಡ್ಡದು ಬರುತ್ತೆ, ಪ್ರಳಯ ಆಗುತ್ತೆ ಅಂತೆಲ್ಲ. ಏನೂ ನಷ್ಟ ಆಗದವರು ಯಾಕೆ ಇನ್ನಷ್ಟು ಹೆದರಿಸೋ ಸುದ್ದಿ ಹಂಚಿಕೊಳ್ತಾರೆ? 1957ರಲ್ಲಿ ಅಮೆರಿಕದ ಲಿಯಾನ್ ಫೆಸ್ಟಿಂಗರ್ ತಮ್ಮ ಪುಸ್ತಕದಲ್ಲಿ ಇದಕ್ಕೆ ಉತ್ತರ ಕೊಟ್ಟರು: ಭಯ ಅವರ ಒಳಗೆ ಮೊದಲೇ ಸೇರಿಕೊಂಡಿತ್ತು. ಆ ಭಯಕ್ಕೊಂದು ಕಾರಣ ಬೇಕಿತ್ತು. ವದಂತಿ ಆ ಕಾರಣ ಒದಗಿಸಿತು.

ಈಗ ಬೆಂಗಳೂರಿಗೆ ವಾಪಸ್ ಬನ್ನಿ. ಈಶಾನ್ಯದವರಿಗೆ ಈ ಊರಲ್ಲಿ ಭಯ ಮೊದಲೇ ಇತ್ತಾ? ಅದೇ 2012ರ ಏಪ್ರಿಲ್‌ನಲ್ಲಿ ಇಲ್ಲಿ ಓದ್ತಿದ್ದ ಮಣಿಪುರದ ಒಬ್ಬ ವಿದ್ಯಾರ್ಥಿ ಸತ್ತಾಗ, ನ್ಯಾಯ ಬೇಕು ಅಂತ ದೇಶದ ಹಲವು ಊರುಗಳಲ್ಲಿ ಪ್ರತಿಭಟನೆ ನಡೆದಿತ್ತು. ರಸ್ತೆಯಲ್ಲಿ ‘ಚಿಂಕಿ’ ಅಂತ ಕೂಗೋದು, “ನಿಮ್ಮದು ಯಾವ ದೇಶ” ಅಂತ ಕೇಳೋದು, ಬಾಡಿಗೆ ಮನೆಗೆ ಹೋದರೆ “ಖಾಲಿ ಇಲ್ಲ” ಅನ್ನೋದು ಇವೆಲ್ಲ ದಿನನಿತ್ಯದ ಮಾತಾಗಿತ್ತು. ವದಂತಿ ಬಂದು ಬಿದ್ದಿದ್ದು ಈ ನೆಲದ ಮೇಲೆ. “ನಾಳೆ ನನ್ನ ಮೇಲೆ ಯಾರಾದ್ರೂ ಕೈ ಮಾಡಿದ್ರೆ ಈ ಬೀದಿಯವರು ಅಡ್ಡ ಬರ್ತಾರಾ?” ಅನ್ನೋ ಪ್ರಶ್ನೆಗೆ ಸಾವಿರಾರು ಜನರ ಹತ್ತಿರ ಧೈರ್ಯದ ಉತ್ತರ ಇರಲಿಲ್ಲ.

ಸರ್ಕಾರ ಸುಮ್ಮನೆ ಕೂತಿರಲಿಲ್ಲ. ಆಗ ಗೃಹ ಸಚಿವರಾಗಿದ್ದ, ನಮ್ಮ ಪದ್ಮನಾಭನಗರದ ಶಾಸಕ ಆರ್. ಅಶೋಕ್ ಸ್ಟೇಷನ್‌ಗೇ ಹೋಗಿ “ಹೋಗಬೇಡಿ” ಅಂತ ಕೇಳಿಕೊಂಡರು. ರಾಜ್ಯದ ಪೊಲೀಸ್ ಮುಖ್ಯಸ್ಥ ಲಾಲ್‌ರೊಕುಮಾ ಪಚಾವ್ ಸ್ವತಃ ಮಿಜೋರಾಂನವರು! ಅವರೇ ಧೈರ್ಯ ಹೇಳಿದರೂ ರೈಲು ತುಂಬ್ತಾನೇ ಇತ್ತು. ಆಗಸ್ಟ್ 17ರಂದು ಕೇಂದ್ರ ಸರ್ಕಾರ 15 ದಿನ ಬಲ್ಕ್ ಎಸ್ಸೆಮ್ಮೆಸ್ ನಿಲ್ಲಿಸಿತು. ಒಂದು ಸಲಕ್ಕೆ ಐದೇ ಜನಕ್ಕೆ ಮೆಸೇಜು. ನಾನಾಗ ಜೆಪಿ ನಗರದಲ್ಲಿ ಹೈಸ್ಕೂಲ್ ಹುಡುಗ. ನಮ್ಮ ಗ್ಯಾಂಗಿನಲ್ಲಿ ಚರ್ಚೆ ಆಗಿದ್ದು ಎಸ್ಸೆಮ್ಮೆಸ್ ಪ್ಯಾಕ್ ದುಡ್ಡು ವೇಸ್ಟ್ ಆಯ್ತಲ್ಲ ಅಂತ. ಎರಡು ಮೂರು ಕಿಲೋಮೀಟರ್ ಆಚೆ ಬಿಟಿಎಂನಲ್ಲಿ ಜನ ರೂಮು ಖಾಲಿ ಮಾಡ್ತಿದ್ದರು. ಒಂದೇ ಊರು, ಒಂದೇ ವಾರ, ಎರಡು ಬೇರೆ ಲೋಕ.

ಗುಂಪು ಅಂದ್ರೆ ಬುದ್ಧಿ ಕಳಕೊಂಡ ಪ್ರಾಣಿ ಅನ್ನೋ ವಾದಕ್ಕೆ ಹೆಸರಾದವರು ಫ್ರಾನ್ಸಿನ ಗುಸ್ತಾವ್ ಲೆ ಬಾನ್. ಅವರ ಪುಸ್ತಕ ಬಂದಿದ್ದು 1895ರಲ್ಲಿ. ಇವತ್ತಿಗೂ ಟಿವಿ ಚರ್ಚೆಗಳಲ್ಲಿ ಅದೇ ವಾದ. ಆದರೆ 2005ರ ಜುಲೈ 7ರಂದು ಲಂಡನ್ನಿನ ಸುರಂಗ ರೈಲುಗಳಲ್ಲಿ ಮತ್ತು ಒಂದು ಬಸ್ಸಿನಲ್ಲಿ ಬಾಂಬ್ ಸ್ಫೋಟಿಸಿ 52 ಜನ ಸತ್ತಾಗ ಏನಾಯಿತು ಅಂತ ಜಾನ್ ಡ್ರೂರಿ ಮತ್ತು ಸಂಗಡಿಗರು ಬದುಕುಳಿದವರನ್ನೇ ಕೇಳಿದರು. ಕತ್ತಲು, ಹೊಗೆ. ಅದರ ನಡುವೆಯೂ ಗುರುತು ಪರಿಚಯ ಇಲ್ಲದವರು ಒಬ್ಬರಿಗೊಬ್ಬರು ನೀರು ಕೊಟ್ಟರು, ಗಾಯ ಕಟ್ಟಿದರು. “ನಾವೆಲ್ಲ ಒಟ್ಟಿಗೆ ಸಿಕ್ಕಿಹಾಕಿಕೊಂಡಿದ್ದೀವಿ” ಅನ್ನೋ ಭಾವನೆ ಬಂದ ತಕ್ಷಣ ಅಪರಿಚಿತರು ‘ನಮ್ಮವರು’ ಆದರು. ಕಷ್ಟ ಬಂದಾಗ ಜನ ಹೇಗೆ ನಡ್ಕೋತಾರೆ ಅನ್ನೋದು ‘ನಾವು’ ಅನ್ನೋ ಗೆರೆ ಎಲ್ಲಿ ಬೀಳುತ್ತೆ ಅನ್ನೋದರ ಮೇಲೆ ನಿಂತಿದೆ.

ಆ ಗೆರೆ ಜರುಗುತ್ತಾ ಇರುತ್ತೆ. ಅದನ್ನ ನಾವು 2021ರಲ್ಲಿ ಕಣ್ಣಾರೆ ನೋಡಿದ್ವಿ.

ಕೋವಿಡ್ ಎರಡನೇ ಅಲೆ. ಆಕ್ಸಿಜನ್ ಇಲ್ಲ, ಬೆಡ್ ಇಲ್ಲ. ಜಯನಗರ, ಬನಶಂಕರಿಯ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪುಗಳಲ್ಲಿ ಯಾರೋ ಸಿಲಿಂಡರ್ ಹುಡುಕಿಕೊಟ್ಟರು, ಯಾರೋ ಬಾಗಿಲಿಗೆ ಊಟ ತಂದಿಟ್ಟರು. ಅಂಥದೇ ಗ್ರೂಪುಗಳಲ್ಲಿ “ಮನೆಕೆಲಸದವರನ್ನ ಗೇಟಿನ ಒಳಗೆ ಬಿಡಬೇಡಿ” ಅನ್ನೋ ಮೆಸೇಜೂ ಬಂತು. ಮೇ 4ರಂದು ಬಿಬಿಎಂಪಿ ದಕ್ಷಿಣ ವಲಯದ ವಾರ್ ರೂಮಿಗೆ ಸಂಸದ ತೇಜಸ್ವಿ ಸೂರ್ಯ ಕೆಲವು ಶಾಸಕರ ಜೊತೆ ಹೋದರು. ದುಡ್ಡಿಗೆ ಬೆಡ್ ಬ್ಲಾಕ್ ಮಾಡೋ ದಂಧೆಯ ಆರೋಪ ಎತ್ತಿದರು. ದಂಧೆ ವಿಚಾರದಲ್ಲಿ ಪೊಲೀಸರು ಬಂಧನಗಳನ್ನೂ ಮಾಡಿದರು. ಆದರೆ ಅವತ್ತು ಅಲ್ಲಿ 200ಕ್ಕೂ ಹೆಚ್ಚು ಸಿಬ್ಬಂದಿಯ ಪೈಕಿ 17 ಹೆಸರುಗಳನ್ನ ಓದಲಾಯಿತು, ಎಲ್ಲವೂ ಮುಸ್ಲಿಂ ಹೆಸರು. ಆ ಪಟ್ಟಿ ವಾಟ್ಸಾಪ್‌ನಲ್ಲಿ ಹರಿದಾಡಿತು, ಆ ಯುವಕರನ್ನ ಕೆಲಸದಿಂದ ದೂರ ಇಟ್ಟರು. ಪೊಲೀಸರ ವಿಚಾರಣೆಯಲ್ಲಿ ಅವರ ಕೈವಾಡಕ್ಕೆ ಸಾಕ್ಷ್ಯ ಸಿಗಲಿಲ್ಲ ಅಂತ ಆಮೇಲೆ ವರದಿಯಾಯಿತು.

ಅದೇ ತಿಂಗಳು, ಅದೇ ಊರಲ್ಲಿ, ಹೆಚ್ಚಿನ ಪಾಲು ಮುಸ್ಲಿಂ ಯುವಕರೇ ಇದ್ದ ಮರ್ಸಿ ಮಿಷನ್ ಸ್ವಯಂಸೇವಕರು ಪಿಪಿಇ ಕಿಟ್ ತೊಟ್ಟು ಎಲ್ಲ ಧರ್ಮದವರ ಹೆಣ ಹೊತ್ತರು, ಅವರವರ ಪದ್ಧತಿಯಲ್ಲೇ ಅಂತ್ಯಸಂಸ್ಕಾರ ಮಾಡಿಸಿದರು. ವೈರಸ್ ಒಂದೇ, ಕಷ್ಟ ಒಂದೇ. ಒಂದು ಕಡೆ ಗೆರೆ ಚಿಕ್ಕದಾಯಿತು, ಇನ್ನೊಂದು ಕಡೆ ದೊಡ್ಡದಾಯಿತು. ಎರಡೂ ತಾನಾಗೇ ಆಗಲಿಲ್ಲ, ಯಾರೋ ನಿಂತು ಮಾಡಿದ್ದು.

2012ರ ಕಥೆ ಹೇಗೆ ಮುಗಿಯಿತು? ರಂಜಾನ್ ಹಬ್ಬ ಮುಗಿಯಿತು, ದಾಳಿ ಆಗಲಿಲ್ಲ. ಹೋದವರಲ್ಲಿ ಬಹಳಷ್ಟು ಜನ ವಾಪಸ್ ಬಂದರು. ನಾವು “ಸದ್ಯ, ಸುಳ್ಳು ಸುದ್ದಿ” ಅಂತ ಫೈಲ್ ಮುಚ್ಚಿದ್ವಿ. ಸುದ್ದಿ ಸುಳ್ಳಾಗಿತ್ತು ನಿಜ. ಆದರೆ ಆ ಭಯ ಸುಳ್ಳಾಗಿರಲಿಲ್ಲ, ಅದರ ಬಗ್ಗೆ ಊರು ಹೆಚ್ಚು ಮಾತಾಡಲಿಲ್ಲ. 2014ರಲ್ಲಿ ದೆಹಲಿಯಲ್ಲಿ ಅರುಣಾಚಲದ ಒಬ್ಬ ಯುವಕ ಹಲ್ಲೆಯಾದ ಮೇಲೆ ಸತ್ತಾಗಲೇ ಕೇಂದ್ರ ಸರ್ಕಾರ ಈಶಾನ್ಯದವರ ಸಮಸ್ಯೆ ನೋಡೋಕೆ ಬೆಜ್‌ಬರುವಾ ಸಮಿತಿ ಮಾಡಿದ್ದು.

ಇನ್ನೊಂದು ವದಂತಿ ಖಂಡಿತ ಬರುತ್ತೆ. ಈ ಸಲ ಎಸ್ಸೆಮ್ಮೆಸ್ ಬದಲು ವಿಡಿಯೋ ಇರುತ್ತೆ, ಅಷ್ಟೇ ವ್ಯತ್ಯಾಸ. ಫಾರ್ವರ್ಡ್ ಮಾಡಬೇಡಿ ಅಂತ ಎಲ್ಲರೂ ಹೇಳ್ತಾರೆ, ಸರಿಯೇ. ಆದರೆ ಮೆಸೇಜಿಗೆ ಲಿಮಿಟ್ ಹಾಕಬಹುದು, ಭಯಕ್ಕೆ ಹಾಕೋಕಾಗಲ್ಲ. ಆ ಗಾರ್ಡ್ ರೂಮಿನಲ್ಲಿ ಕೂತು ಯೋಚನೆ ಮಾಡುವಾಗ “ಆ ಮೂರನೇ ಮನೆಯವರು ಇದ್ದಾರೆ, ಕೇಳೋಣ” ಅಂತ ಅನ್ನಿಸಬೇಕು. ಅದು ವದಂತಿ ಬಂದ ದಿನ ಹುಟ್ಟೋ ನಂಬಿಕೆ ಅಲ್ಲ, ಅದಕ್ಕೆ ಎಷ್ಟೋ ತಿಂಗಳು ಮುಂಚೆ ಹೆಸರು ಕೇಳಿರಬೇಕು, ಊಟ ಆಯ್ತಾ ಅಂದಿರಬೇಕು.

ನಿಮ್ಮ ಬಿಲ್ಡಿಂಗ್ ಸೆಕ್ಯುರಿಟಿಯವರ ಹೆಸರು ನಿಮಗೆ ಗೊತ್ತಾ? ಗೊತ್ತಿಲ್ಲ ಅಂದ್ರೆ ಇವತ್ತೇ ಕೇಳಿ. 2012ರಲ್ಲಿ ನೀವು ಬೆಂಗಳೂರಲ್ಲಿದ್ದು, ಆ ವಾರ ಊರು ಬಿಟ್ಟಿದ್ದರೆ ಅಥವಾ ಯಾರನ್ನಾದ್ರೂ ಹೋಗದಂತೆ ತಡೆದಿದ್ದರೆ, ನಮಗೊಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ. ನಮಸ್ಕಾರ.