ದಾರದಿಂದ ಕಳಚಿದ್ದು ಜೀರ್ಣವಾಯಿತೇ? ಬ್ಯೂಮಾಂಟ್ ಪ್ರಯೋಗದ ಒಂದು ಮರು ಓದು

1822ರ ಜೂನ್ 6ರಂದು ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಕೂಲಿಯಾಳಿಗೆ ಆಕಸ್ಮಿಕವಾಗಿ ಗುಂಡು ತಗುಲಿತು. ಸೇನಾ ವೈದ್ಯ ವಿಲಿಯಂ ಬ್ಯೂಮಾಂಟ್ ಆರೈಕೆಯಿಂದ ಅವನು ಬದುಕಿಕೊಂಡ. ಜಠರದಿಂದ ಹೊರಮೈಗೆ ತೆರೆದುಕೊಂಡ ರಂಧ್ರ ಮಾತ್ರ ಮುಚ್ಚಲಿಲ್ಲ.

1825ರ ಆಗಸ್ಟ್ 1ರಂದು ಮಧ್ಯಾಹ್ನ 12ಕ್ಕೆ ಬ್ಯೂಮಾಂಟ್ ಬಗೆಬಗೆಯ ಮಾಂಸ, ಹಳಸಲು ಬ್ರೆಡ್ಡು, ಹಸಿ ಎಲೆಕೋಸಿನ ತುಣುಕುಗಳನ್ನು ರೇಷ್ಮೆ ದಾರಕ್ಕೆ ಕಟ್ಟಿ ಆ ರಂಧ್ರದೊಳಗೆ ಇಳಿಬಿಟ್ಟ. ಒಂದು ಗಂಟೆಗೆ ಎಳೆದು ನೋಡಿದಾಗ ಎಲೆಕೋಸು, ಬ್ರೆಡ್ಡು ಅರ್ಧ ಕರಗಿದ್ದವು, ಮಾಂಸ ಹಾಗೇ ಇತ್ತು. ಎರಡು ಗಂಟೆಯ ಹೊತ್ತಿಗೆ ಎಲೆಕೋಸು, ಬ್ರೆಡ್ಡು, ಹಂದಿಯ ಕೊಬ್ಬು, ಬೇಯಿಸಿದ ದನದ ಮಾಂಸ ದಾರದಲ್ಲಿ ಉಳಿದಿರಲಿಲ್ಲ. ಇವು ಜೀರ್ಣವಾದವೆಂದು ಆತ ಬರೆದುಕೊಂಡ.

ಆ ತೀರ್ಮಾನವನ್ನು ಇಂದು ಹಾಗೆಯೇ ಒಪ್ಪಲಾಗದು. ಪಿಷ್ಟವನ್ನು ಒಡೆಯುವ ಅಮೈಲೇಸ್ ಜಠರದಲ್ಲಿ ಸ್ರವಿಸುವುದಿಲ್ಲ. ಅದು ಜೊಲ್ಲಿನಲ್ಲೂ ಮೇದೋಜೀರಕ ರಸದಲ್ಲೂ ಇರುತ್ತದೆ. ಅಗಿಯದೆ ನೇರ ಒಳಹೋದ ಬ್ರೆಡ್ಡಿಗೆ ಜೊಲ್ಲು ಬೆರೆಯುವ ಅವಕಾಶವೇ ಕಡಿಮೆ. ಹಾಗಿದ್ದೂ ಅದು ಉದುರಿದ್ದೇಕೆ? ಬ್ರೆಡ್ಡಿನ ಪಿಷ್ಟವನ್ನು ಹಿಡಿದಿಟ್ಟಿರುವುದು ಗೋಧಿಯ ಗ್ಲೂಟೆನ್, ಅಂದರೆ ಪ್ರೋಟೀನು. ಜಠರರಸದ ಪ್ರೋಟೀನು ಒಡೆಯುವ ಕಿಣ್ವವಾದ ಪೆಪ್ಸಿನ್ ಆ ಬಲೆಯನ್ನು ಕತ್ತರಿಸುತ್ತದೆ, ಜಠರದ ಹೊಯ್ದಾಟ ಉಳಿದದ್ದನ್ನು ಚದುರಿಸುತ್ತದೆ. ಪಿಷ್ಟ ಬಹುಪಾಲು ಪಿಷ್ಟವಾಗಿಯೇ ಸಣ್ಣ ಕರುಳಿಗೆ ಇಳಿಯುತ್ತದೆ. ಎಲೆಕೋಸಿನ ಮಾತಂತೂ ಇನ್ನೂ ಸ್ಪಷ್ಟ: ಅದರ ಸೆಲ್ಯುಲೋಸನ್ನು ಒಡೆಯುವ ಕಿಣ್ವವೇ ನಮ್ಮಲ್ಲಿಲ್ಲ, ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅದರ ಒಂದಂಶವನ್ನು ಒಡೆಯುತ್ತವೆ. ಕೊಬ್ಬು ಮೈಯ ಬಿಸಿಗೇ ಮೆತ್ತಗಾಗುತ್ತದೆ. ಅದರ ಮುಖ್ಯ ಜೀರ್ಣಕ್ರಿಯೆ ಪಿತ್ತರಸ ಮತ್ತು ಕೊಬ್ಬನ್ನು ಒಡೆಯುವ ಲೈಪೇಸ್ ಕಿಣ್ವ ಸೇರುವ ಸಣ್ಣ ಕರುಳಿನಲ್ಲೇ.

ಹಾಗಾಗಿ ದಾರದ ಪ್ರಯೋಗಕ್ಕಿಂತ ಆರು ದಿನಗಳ ನಂತರದ ಸೀಸೆಯ ಪ್ರಯೋಗ ಹೆಚ್ಚು ತೂಕದ್ದೆಂಬುದು ನನ್ನ ಅಭಿಪ್ರಾಯ. ಜಠರರಸವನ್ನು ಹೊರತೆಗೆದು, ಬೇಯಿಸಿದ ಮಾಂಸದ ತುಂಡು ಹಾಕಿ, 100 ಡಿಗ್ರಿ ಫ್ಯಾರನ್‌ಹೀಟ್ ಬಿಸಿಯಲ್ಲಿಟ್ಟಾಗ ಮಾಂಸ ನಿಧಾನವಾಗಿ ಪೂರ್ತಿ ಕರಗಿತು. ಇಲ್ಲಿ ಸ್ನಾಯುಗಳ ಹೊಯ್ದಾಟವಿಲ್ಲ, ತುಣುಕು ಕಳಚಿ ಕರುಳಿಗೆ ಜಾರುವ ದಾರಿಯೂ ಇಲ್ಲ. ಉಳಿದದ್ದು ರಸದ ರಾಸಾಯನಿಕ ಶಕ್ತಿ. ಆ ರಸದಲ್ಲಿ ಹೈಡ್ರೋಕ್ಲೋರಿಕ್ ಆಮ್ಲವಿದೆಯೆಂದು ಇಂಗ್ಲೆಂಡಿನ ವಿಲಿಯಂ ಪ್ರೌಟ್ ಆಗಲೇ ತೋರಿಸಿದ್ದ. ಆಮ್ಲದ ಜೊತೆಗಿನ ಇನ್ನೊಂದು ಕರ್ತೃವಾದ ಪೆಪ್ಸಿನ್ ಅನ್ನು ಥಿಯೋಡೋರ್ ಶ್ವಾನ್ ಗುರುತಿಸಿದ್ದು 1836ರಲ್ಲಿ, ಬ್ಯೂಮಾಂಟನ ಪುಸ್ತಕ ಹೊರಬಂದ ಮೂರು ವರ್ಷಕ್ಕೆ.

ದಾರದ ಪ್ರಯೋಗದ ನಂತರ ಸೇಂಟ್ ಮಾರ್ಟಿನ್ ಹೊಟ್ಟೆಯ ಸಂಕಟದಿಂದ, ತಲೆನೋವಿನಿಂದ ನರಳಿದ. ಇದು ಬ್ಯೂಮಾಂಟನ ಟಿಪ್ಪಣಿಯಲ್ಲೇ ದಾಖಲಾಗಿದೆ. ಫಲಿತಾಂಶವನ್ನು ಉದ್ಧರಿಸುವವರು ಇದನ್ನೂ ಉದ್ಧರಿಸಬೇಕು.