ಬೂದಿಯ ಗೆರೆಯಲ್ಲಿ ಮೂಡಿದ ಬಗ್ದಾದ್

ಮನೆ ಕಟ್ಟಿಸಿದವರೆಲ್ಲರಿಗೂ ನೆನಪಿರುವ ಒಂದು ದಿನವಿದೆ. ನಕ್ಷೆ ಹಿಡಿದು ಮೇಸ್ತ್ರಿ ಸೈಟಿಗೆ ಬರುತ್ತಾನೆ. ಮೂಲೆಗಳಿಗೆ ಗೂಟ ಹೊಡೆದು ದಾರ ಬಿಗಿಯುತ್ತಾನೆ. ಒಂದು ಬದಿಗೆ 3 ಅಡಿ, ಇನ್ನೊಂದು ಬದಿಗೆ 4 ಅಡಿ ಗುರುತು ಹಾಕಿ, ಎರಡರ ನಡುವೆ ಸರಿಯಾಗಿ 5 ಅಡಿ ಬಂತೇ ಎಂದು ನೋಡಿ ಮೂಲೆ ಸರಿಪಡಿಸುತ್ತಾನೆ. ಆಮೇಲೆ ದಾರದ ಉದ್ದಕ್ಕೂ ಸುಣ್ಣದ ಪುಡಿ ಉದುರಿಸುತ್ತಾನೆ. ಅದುವರೆಗೆ ಕಾಗದ ನೋಡಿ ತಲೆಯಾಡಿಸುತ್ತಿದ್ದ ಮನೆಯೊಡತಿ ಬಿಳಿ ಗೆರೆಗಳ ನಡುವೆ ನಿಂತು, "ಅಡುಗೆಮನೆ ಇಷ್ಟೇನಾ?" ಎಂದು ಕೇಳುವುದು ಆಗಲೇ.

ಅಬ್ಬಾಸಿ ಖಲೀಫಾ ಮನ್ಸೂರನಿಗೂ ಇದೇ ಕಷ್ಟವಿತ್ತು. ಕ್ರಿ.ಶ. 762ರಲ್ಲಿ ಟೈಗ್ರಿಸ್ ನದಿಯ ಪಶ್ಚಿಮ ದಂಡೆಯಲ್ಲಿ ಹೊಸ ರಾಜಧಾನಿ ಕಟ್ಟಲು ಹೊರಟಾಗ, ಅದು ಹೇಗಿರುತ್ತದೆಂದು ಕಣ್ಣಾರೆ ನೋಡಬೇಕೆಂದು ಅವನು ಬಯಸಿದ. ಇತಿಹಾಸಕಾರ ತಬರಿ ಆ ಪ್ರಸಂಗವನ್ನು ದಾಖಲಿಸಿದ್ದಾರೆ. ಇಡೀ ನಗರದ ರೂಪರೇಷೆಯನ್ನು ನೆಲದ ಮೇಲೆ ಬೂದಿಯಿಂದ ಎಳೆಯಲಾಯಿತು. ಮನ್ಸೂರ್ ಒಂದೊಂದೇ ದ್ವಾರದಿಂದ ಒಳಹೊಕ್ಕು, ಇನ್ನೂ ಹುಟ್ಟದ ಗೋಡೆಗಳ ಮತ್ತು ಅಂಗಳಗಳ ನಡುವೆ ನಡೆದಾಡಿದ. ಅಷ್ಟಕ್ಕೂ ಸಮಾಧಾನವಾಗಲಿಲ್ಲ. ಗೆರೆಗಳ ಮೇಲೆ ಹತ್ತಿಬೀಜ ಸುರಿಸಿ, ಕಲ್ಲೆಣ್ಣೆ ಹೊಯ್ಯಿಸಿ, ಬೆಂಕಿ ಹಚ್ಚಿಸಿದ. ಉರಿಯುವ ಗೆರೆಗಳಲ್ಲಿ ನಗರದ ಆಕಾರ ಎದ್ದು ಕಂಡಿತು. ಅದೇ ಗುರುತಿನ ಮೇಲೆ ಪಾಯ ತೋಡಲು ಅಪ್ಪಣೆಯಾಯಿತು.

ನಗರದ ಆಕಾರ ದುಂಡಗೆ. ಕೂಫಾ, ಬಸ್ರಾ, ಖುರಾಸಾನ್, ಶಾಮ್ ಎಂದು ನಾಲ್ಕು ದ್ವಾರಗಳು. ವೃತ್ತದ ಮಧ್ಯದಲ್ಲಿ ಕುಳಿತ ದೊರೆಗೆ ಎಲ್ಲ ದಿಕ್ಕೂ ಸಮಾನ ದೂರ ಎಂಬುದು ಇದಕ್ಕೆ ಕೊಟ್ಟ ಕಾರಣ. ನಮ್ಮ ಮೇಸ್ತ್ರಿಯನ್ನು ಕೇಳಿದರೆ ಇನ್ನೊಂದನ್ನೂ ಹೇಳಿಯಾನು: ನೆಲದ ಮೇಲೆ ವೃತ್ತ ಎಳೆಯಲು ಒಂದು ಗೂಟ, ಒಂದು ಹಗ್ಗ ಸಾಕು.

ಈ ಕೆಲಸದಲ್ಲಿ ನಾವು ನಿರೀಕ್ಷಿಸದ ಒಬ್ಬರ ಹೆಸರು ಬರುತ್ತದೆ: ಇಮಾಮ್ ಅಬೂ ಹನೀಫಾ. ಖಾಝಿ ಹುದ್ದೆ ಒಪ್ಪಿಕೊಳ್ಳಲೇಬೇಕೆಂದು ಖಲೀಫಾ ಆಣೆಯಿಟ್ಟ. ಒಪ್ಪುವುದಿಲ್ಲವೆಂದು ಇಮಾಮರೂ ಆಣೆಯಿಟ್ಟರು. ಕೊನೆಗೆ ಖಲೀಫಾನ ಆಣೆ ಸುಳ್ಳಾಗದಿರಲೆಂದು ಇಮಾಮರಿಗೆ ಇಟ್ಟಿಗೆ ಮಾಡಿಸುವ, ಎಣಿಸುವ, ಕೂಲಿಗಳನ್ನು ಹಚ್ಚುವ ಉಸ್ತುವಾರಿ ವಹಿಸಲಾಯಿತು ಎನ್ನುತ್ತಾರೆ ತಬರಿ. ಇಟ್ಟಿಗೆಗಳನ್ನು ಒಂದೊಂದಾಗಿ ಎಣಿಸುವ ಬದಲು ಪೇರಿಸಿದ ರಾಶಿಯನ್ನೇ ಅಳತೆಗೋಲಿನಿಂದ ಅಳೆದು ಲೆಕ್ಕ ಹಿಡಿದವರಲ್ಲಿ ಅವರೇ ಮೊದಲಿಗರಂತೆ. ಇಂದಿಗೂ ಜಲ್ಲಿಯ ಲೋಡಿಗೆ ಟೇಪು ಹಿಡಿಯುವಾಗ ನಾವು ಮಾಡುವುದು ಇದನ್ನೇ. ಲೆಕ್ಕದ ವಿಷಯದಲ್ಲಿ ಮನ್ಸೂರ್ ಬಹಳ ಬಿಗಿ. ಖರ್ಚಿನ ತಪಾಸಣೆಯಲ್ಲಿ 15 ದಿರ್ಹಮ್ ಬಾಕಿ ಉಳಿಸಿಕೊಂಡ ಒಬ್ಬ ಮೇಲ್ವಿಚಾರಕನನ್ನು ಅದು ತೀರುವವರೆಗೂ ಸೆರೆಯಲ್ಲಿಟ್ಟನಂತೆ. ಮುಂದೊಂದು ಕಾಲಕ್ಕೆ ಗೋಡೆಯ ಒಂದು ಭಾಗ ಕೆಡವಿದಾಗ ಸಿಕ್ಕ ಇಟ್ಟಿಗೆಯ ಮೇಲೆ ಕೆಮ್ಮಣ್ಣಿನಲ್ಲಿ ಅದರ ತೂಕ ಬರೆದಿತ್ತು, 117 ರತ್ಲ್. ತೂಗಿ ನೋಡಿದರೆ ತೂಕ ಅಷ್ಟೇ ಇತ್ತು. ಖಾಝಿಯಾಗಲು ಕಡೆಗೂ ಒಪ್ಪದ ಇಮಾಮರು 767ರಲ್ಲಿ ಸೆರೆಮನೆಯಲ್ಲೇ ತೀರಿಕೊಂಡರೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ.

ಇಷ್ಟು ಕಟ್ಟುನಿಟ್ಟಿನ ಕೆಲಸದಲ್ಲೂ ಒಂದು ತಪ್ಪು ನುಸುಳಿತು, ಅದೂ ಮಸೀದಿಯಲ್ಲಿ. ಅದರ ಗುರುತು ಹಾಕಿದವರು ಹಜ್ಜಾಜ್ ಇಬ್ನ್ ಅರ್ತಾತ್. ವೃತ್ತದ ನಡುವೆ ಅರಮನೆಯ ಸ್ಥಾನ ಮೊದಲೇ ನಿಶ್ಚಯವಾಗಿತ್ತು. ಮಸೀದಿಯನ್ನು ಅದರ ಗೋಡೆಗೆ ತಾಗಿಸಿ ಕಟ್ಟಬೇಕಾಯಿತು. ಅರಮನೆ ಯಾವ ದಿಕ್ಕಿಗಿತ್ತೋ ಮಸೀದಿಯೂ ಅದೇ ದಿಕ್ಕಿಗೆ ನಿಂತಿತು, ಕಿಬ್ಲಾ ತಪ್ಪಿತು. ಬೂದಿಯ ಗೆರೆಯಾಗಿದ್ದಾಗ ಕಾಲಿನಿಂದ ಒರೆಸಿ ಬೇರೆ ಎಳೆಯಬಹುದಿತ್ತು. ಗೆರೆಗಳ ನಡುವೆ ಅಷ್ಟು ಹೊತ್ತು ನಡೆದಾಡಿದ ಖಲೀಫಾನಿಗೆ ಅರಮನೆ ಕಂಡಿತು, ದ್ವಾರಗಳು ಕಂಡವು, ಇದೊಂದು ಕಾಣಲಿಲ್ಲ.

ಮುಂದೆ ನದಿಯ ಪೂರ್ವ ದಂಡೆಯ ರುಸಾಫಾದಲ್ಲಿ ಮೊದಲು ಮಸೀದಿ ಕಟ್ಟಿ ಆಮೇಲೆ ಅರಮನೆ ಕಟ್ಟಿದರು. ಅಲ್ಲಿಯ ಕಿಬ್ಲಾ ಹೆಚ್ಚು ಸರಿಯಾಗಿತ್ತೆಂದು ತಬರಿ ಬರೆಯುತ್ತಾರೆ. ಮನ್ಸೂರನ ದುಂಡು ನಗರ ಇಂದು ಕಣ್ಣಿಗೆ ಕಾಣುವಂತೆ ಎಲ್ಲೂ ಉಳಿದಿಲ್ಲ. ಅದು ನಿಂತಿದ್ದ ಕಾಲದಲ್ಲಿ ಆ ಮಸೀದಿಗೆ ನಮಾಝಿಗೆ ಬಂದವರು ಗೋಡೆಯನ್ನು ನಂಬದೆ, ಬಸ್ರಾ ದ್ವಾರದ ಕಡೆಗೆ ತುಸು ತಿರುಗಿ ನಿಲ್ಲಬೇಕಾಗಿತ್ತು.